ಮಳೆಗಾಲದ ಬೂಷ್ಟು: ಬಣ್ಣ ಬಳಿದರೆ ಸಾಲದು

ಮಳೆರಾಯನ ಆಗಮನ ರೈತನಿಗೆ ಹರ್ಷ. ಮನೆಯ ತಾಯಂದಿರಿಗೆ ಹರ್ಷದೊಡನೆ ಒಂದಿಷ್ಟು ಚಿಂತೆಯೂ ಹೌದು. ಸಹ್ಯಾದ್ರಿಯ ಮಗ್ಗುಲಲ್ಲಿರುವ ಬೆಳಗಾವಿ ನಗರದಲ್ಲಿ ಜುಲೈ ತಿಂಗಳೆಂದರೆ ಬಿಸಿಲಿನ ಮುಖ ಕಾಣುವುದೇ ಅಪರೂಪ. ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿಯ ಕಡೆಗೆ ಮಳೆಯ ಆರ್ಭಟ ಇನ್ನೂ ಹೆಚ್ಚು. ಅದೇ ತಾಲ್ಲೂಕಿನ ಆಮಗಾಂವದಲ್ಲಿ ೨೦೧೦ರಲ್ಲಿ ೧೦,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ದಾಖಲಾಗಿತ್ತು. ಇಂಥ ಮಳೆ ನಿಂತ ಮೇಲೆ ಗೋಡೆಯ ಮೂಲೆಯಲ್ಲಿ ಕರಿಯ ಚುಕ್ಕೆ, ಕಪಾಟಿನ ಇಳಕಲ್ಲ ಸೀರೆಯ ಮೇಲೆ ಬಿಳಿಯ ಪೊರೆ, ಪುಸ್ತಕಗಳಲ್ಲಿ ಮುಗ್ಗಲು ವಾಸನೆ! ದೀಪಾವಳಿಗೆ ಬಣ್ಣ ಬಳಿದರಾಯಿತೆಂದು ಸುಮ್ಮನಾಗುವವರೇ ಬಹಳ. ಆದರೆ ಗೋಡೆ ಒಣಗದಿದ್ದರೆ ಬಣ್ಣದ ಅಡಿಯಲ್ಲಿಯೂ ಬೂಷ್ಟು ಬೆಳೆಯುತ್ತಲೇ ಇರುತ್ತದೆ.

ಬೂಷ್ಟು ಒಂದು ಶಿಲೀಂಧ್ರ. ಅದರ ಸೂಕ್ಷ್ಮ ಬೀಜಾಣುಗಳು ಗಾಳಿಯಲ್ಲಿ ಸದಾ ಇದ್ದೇ ಇರುತ್ತವೆ. ಕಟ್ಟಿಗೆ, ಕಾಗದ, ಅರಿವೆ, ಧೂಳು ಎಲ್ಲವೂ ಅದಕ್ಕೆ ಆಹಾರ. ಇವನ್ನು ಮನೆಯಿಂದ ಹೊರಹಾಕುವುದು ಸಾಧ್ಯವಿಲ್ಲ. ನಮ್ಮ ಕೈಯಲ್ಲಿರುವುದು ತೇವವೊಂದೇ. ನೆನೆದ ವಸ್ತುವನ್ನು ೨೪ರಿಂದ ೪೮ ಗಂಟೆಗಳೊಳಗೆ ಒಣಗಿಸಿದರೆ ಬೂಷ್ಟು ಸಾಮಾನ್ಯವಾಗಿ ಹಿಡಿಯದು. ಉಬ್ಬಸವುಳ್ಳ ಮಕ್ಕಳಿಗೆ, ವೃದ್ಧರಿಗೆ ಬೂಷ್ಟಿನ ಗಾಳಿ ಕಂಟಕಪ್ರಾಯವಾದುದು. ಸೀನು, ಕೆಮ್ಮು, ಏದುಸಿರು ಅದರಿಂದ ಹೆಚ್ಚುತ್ತವೆ. ಸತ್ತ ಬೂಷ್ಟೂ ಈ ತೊಂದರೆ ಕೊಡಬಲ್ಲದು. ಆದ್ದರಿಂದ ಕೊಂದರೆ ಸಾಲದು, ತೆಗೆದುಹಾಕಬೇಕು.

ನೀರು ಬರುವ ದಾರಿ

ಒಡೆದ ಹಂಚು, ಮಾಳಿಗೆಯ ಬಿರುಕು, ಸೋರುವ ಕೊಳಾಯಿ, ನೆಲದಿಂದ ಗೋಡೆಗೇರುವ ತೇವ ಇವು ಹೊರಗಿನ ದಾರಿಗಳು. ಕೋಣೆಯೊಳಗೆ ಒಣಹಾಕಿದ ಬಟ್ಟೆ, ಅಡುಗೆಯ ಉಗಿ, ಬಚ್ಚಲಿನ ಹಬೆ ಇವು ಒಳಗಿನವು.

ನಮ್ಮ ಹಿರಿಯರ ಹಂಚಿನ ಮನೆಗಳಲ್ಲಿ ಒಲೆಯ ಬಿಸಿ, ಹೊಗೆಗಳು ಅಟ್ಟವನ್ನೂ ತೊಲೆಗಳನ್ನೂ ಒಣಗಿಸುತ್ತಿದ್ದವು. ಗ್ಯಾಸ್ ಒಲೆ ಬಂದು ತಾಯಂದಿರ ಕಣ್ಣು, ಶ್ವಾಸಕೋಶಗಳಿಗೆ ಹಿತವಾಯಿತು. ಆದರೆ ಆ ಒಣಗುವಿಕೆ ನಿಂತಿತು. ಆದುದರಿಂದ ಅಡುಗೆಮನೆಗೆ ಗಾಳಿ ಹೊರದೂಡುವ ಫ್ಯಾನು ಅವಶ್ಯ. ಮಣ್ಣಿನ ಅಥವಾ ಜಂಬಿಟ್ಟಿಗೆಯ ಹಳೆಯ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಸುಣ್ಣದ ಗಿಲಾವು ಅದನ್ನು ಹೊರಬಿಡುತ್ತದೆ.

ಮಳೆ ಬಿಡುವು ಕೊಟ್ಟಾಗ ಎದುರುಬದುರಿನ ಕಿಟಕಿಗಳನ್ನು ತೆರೆಯಿರಿ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರವಿಡಿ. ನುಸಿಗುಳಿಗೆ, ಬೇವಿನ ಎಲೆಗಳು ಹುಳುಗಳನ್ನು ತಡೆಯಬಲ್ಲವೇ ಹೊರತು ತೇವವನ್ನಲ್ಲ.

ಶುಚಿಗೊಳಿಸುವ ಬಗೆ

ಮೂಗು ಬಾಯಿಗಳಿಗೆ ಬಿಗಿಯಾದ ಮಾಸ್ಕ್, ಕೈಗೆ ರಬ್ಬರಿನ ಚೀಲ ಧರಿಸಿ. ಒಣ ಪೊರಕೆಯಿಂದ ಗುಡಿಸಬೇಡಿ. ಬೀಜಾಣುಗಳು ಮನೆತುಂಬ ಹಾರುತ್ತವೆ. ಗಟ್ಟಿ ಗೋಡೆ, ಫರಸಿಗಳನ್ನು ಸಾಬೂನು ನೀರಿನಿಂದ ಉಜ್ಜಿ, ಒರೆಸಿ, ಪೂರ್ತಿ ಒಣಗಿಸಿ. ಬ್ಲೀಚಿಂಗ್ ಪೌಡರನ್ನು ಆ್ಯಸಿಡ್ ಅಥವಾ ಪಾಯಖಾನೆ ತೊಳೆಯುವ ದ್ರವದೊಡನೆ ಎಂದಿಗೂ ಕೂಡಿಸಬಾರದು; ವಿಷಾನಿಲ ಹೊರಡುತ್ತದೆ. ಬೂಷ್ಟು ಹಿಡಿದ ಹತ್ತಿಯ ಗಾದಿಯನ್ನು ತ್ಯಜಿಸುವುದೇ ಲೇಸು. ೨೦೧೯ರ ಆಗಸ್ಟಿನಲ್ಲಿ ಬೆಳಗಾವಿ ಜಿಲ್ಲೆಗೆ ಬಂದಂಥ ಮಹಾಪೂರದಲ್ಲಿ ನೀರು ಹೊಕ್ಕ ಮನೆಗಳಿಗೂ ಈ ಮಾತು ಅನ್ವಯಿಸುತ್ತದೆ.

ಶೇಂಗಾ, ಗೋವಿನಜೋಳಗಳಿಗೆ ಹಿಡಿಯುವ ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನುಂಟುಮಾಡುತ್ತವೆ. ಅದು ಯಕೃತ್ತಿಗೆ ಮಾರಕ. ಹುರಿದರೂ ಕುದಿಸಿದರೂ ಪೂರ್ತಿ ನಾಶವಾಗದು. ಕೆಟ್ಟ ಕಾಳನ್ನು ಆರಿಸಿ ಉಳಿದುದನ್ನು ಚಟ್ನಿಪುಡಿಗೆ ಬಳಸುವ ಮಿತವ್ಯಯ ಸಲ್ಲದು. ದನಕರುಗಳಿಗೂ ಅದನ್ನು ಹಾಕಬಾರದು. ಆ ವಿಷ ಹಾಲಿನಲ್ಲಿಯೂ ಇಳಿಯುತ್ತದೆ.

ಗ್ರಂಥಗಳ ರಕ್ಷಣೆ

ಫ. ಗು. ಹಳಕಟ್ಟಿಯವರು ವಚನಗಳ ತಾಡೋಲೆಗಳನ್ನು ಅರಸಿದ್ದು ಭಕ್ತರ ಮನೆಗಳಲ್ಲಿ. ಅವರ ‘ವಚನಶಾಸ್ತ್ರಸಾರ’ ೧೯೨೩ರಲ್ಲಿ ಅಚ್ಚಾದದ್ದು ನಮ್ಮ ಬೆಳಗಾವಿಯಲ್ಲಿಯೇ. ಹೀಗೆ ಮನೆತನದಲ್ಲಿ ಉಳಿದುಬಂದ ತಾಡೋಲೆ, ಹಳೆಯ ಪುಸ್ತಕಗಳು ನಿಮ್ಮಲ್ಲಿದ್ದರೆ ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ನೀರಿನ ಬಟ್ಟೆಯಿಂದ ಒರೆಸದೆ, ಸುಡುಬಿಸಿಲಿಗೂ ಒಡ್ಡದೆ, ಗಾಳಿಯಾಡುವ ನೆರಳಿನಲ್ಲಿ ಬಿಡಿಸಿ ಒಣಗಿಸಿ. ಬೂಷ್ಟು ಪೂರ್ತಿ ಒಣಗಿದ ಬಳಿಕ ಮೃದುವಾದ ಕುಂಚದಿಂದ ಮನೆಯ ಹೊರಗೆ ತೆಗೆಯಿರಿ.

ಈ ಮಳೆಗಾಲದಲ್ಲಿಯೇ ಒಮ್ಮೆ ಮನೆಯ ಸುತ್ತ ನಡೆದು, ನೀರು ಎಲ್ಲಿ ಒಳನುಸುಳುತ್ತದೆಂದು ಗುರುತುಮಾಡಿಕೊಳ್ಳಿ. ಮಳೆ ನಿಂತೊಡನೆ ದುರಸ್ತಿ ಮಾಡಿಸಿ, ಗೋಡೆ ಒಣಗಲು ಬಿಡಿ. ಬಣ್ಣ ಬಳಿಯುವುದು ಕೊನೆಯ ಕೆಲಸವಾಗಲಿ.