ಯಾಣ: ಬೆಂಕಿಯ ಕಥೆ, ನೀರಿನ ಕೆಲಸ

ಕಾಡಿನ ಹಸಿರಿನ ನಡುವೆ ಯಾಣದ ಬಂಡೆಗಳು ಥಟ್ಟನೆ ಕಣ್ಣಿಗೆ ಬೀಳುವುದು ಅವುಗಳ ಕಪ್ಪಿನಿಂದ. ಶಿರಸಿಯಿಂದ ಸುಮಾರು 40 ಕಿ.ಮೀ. ದೂರದ, ಕುಮಟಾ ತಾಲ್ಲೂಕಿಗೆ ಸೇರಿದ ಈ ಊರಿನಲ್ಲಿ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್ ಎತ್ತರಕ್ಕೆ ನಿಂತಿವೆ. ಮೈಯೆಲ್ಲ ಸೀಳು, ಅಂಚೆಲ್ಲ ಚೂಪು, ಮೇಲಿನಿಂದ ಕೆಳಗಿನವರೆಗೂ ಸುಟ್ಟ ಬಣ್ಣ. ಹೀಗಿರುವುದನ್ನು ಕಂಡವರು ಕಾರಣ ಕೇಳದೆ ಇರುತ್ತಾರೆಯೇ? ಸ್ಥಳಪುರಾಣದ ಉತ್ತರ ಸಿದ್ಧವಿದೆ. ಮುಟ್ಟಿದ ತಲೆ ಬೂದಿಯಾಗುವ ವರ ಪಡೆದ ಭಸ್ಮಾಸುರ, ಅದನ್ನು ಕೊಟ್ಟ ಶಿವನನ್ನೇ ಅಟ್ಟಿಸಿಕೊಂಡು ಬಂದ. ಶಿವ ಇಲ್ಲಿ ಅಡಗಿದ. ವಿಷ್ಣು ಮೋಹಿನಿಯಾಗಿ ಕುಣಿದು, ಅಸುರನ ಕೈಯನ್ನು ಅವನ ತಲೆಯ ಮೇಲೇ ಇಡಿಸಿದ. ಆಗ ಎದ್ದ ಉರಿಗೆ ಕಲ್ಲೂ ಮಣ್ಣೂ ಕರಿದಾದವು. ಪ್ರವಾಸಿ ಕೈಪಿಡಿಗಳು ಈ ಕಥೆಯನ್ನು ವಿಸ್ತಾರವಾಗಿ ಹೇಳಿ, ಇದು ಸುಣ್ಣಕಲ್ಲು ಎಂಬುದನ್ನು ಅರ್ಧ ವಾಕ್ಯದಲ್ಲಿ ಮುಗಿಸುತ್ತವೆ. ಯಾಣಕ್ಕೆ ಆಗಿರುವ ಅನ್ಯಾಯ ಆ ಅರ್ಧ ವಾಕ್ಯದಲ್ಲಿದೆ.

ಏಕೆಂದರೆ ಇಲ್ಲಿ ಬೆಂಕಿಗೆ ಪಾತ್ರವೇ ಇಲ್ಲ. ಚಿರೆಕಲ್ಲಿಗೆ ಹೆಸರಾದ ಈ ಸೀಮೆಯಲ್ಲಿ ಇಷ್ಟು ದೊಡ್ಡ ಸುಣ್ಣಕಲ್ಲಿನ ಶಿಖರಗಳು ಅಪರೂಪ; ಅವನ್ನು ಕೊರೆದು ನಿಲ್ಲಿಸಿದ್ದು ನೀರು. ಗಾಳಿಯಿಂದ, ಅದಕ್ಕಿಂತ ಹೆಚ್ಚಾಗಿ ಕಾಡಿನ ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿದ ಮಳೆನೀರು ಸಣ್ಣಗೆ ಹುಳಿಯಾಗುತ್ತದೆ. ಆ ಹುಳಿ ಸುಣ್ಣಕಲ್ಲನ್ನು ಕರಗಿಸುತ್ತದೆ. ಕಲ್ಲಿನಲ್ಲಿ ಸಣ್ಣ ಬಿರುಕಿದ್ದರೆ ಸಾಕು, ನೀರು ಅದೇ ದಾರಿ ಹಿಡಿದು ಅಗಲ ಮಾಡುತ್ತ ಹೋಗುತ್ತದೆ. ಉಳಿದ ಭಾಗ ಕತ್ತಿಯ ಅಲಗಿನಂತೆ ನಿಲ್ಲುತ್ತದೆ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಘಟ್ಟದಲ್ಲಿ ಈ ಕೆಲಸಕ್ಕೆ ನೀರಿನ ಕೊರತೆಯಿಲ್ಲ. ಕಪ್ಪಿಗೂ ಉರಿ ಬೇಕಿಲ್ಲ: ಒದ್ದೆ ಸುಣ್ಣಕಲ್ಲಿನ ಮೈಮೇಲೆ ಬೆಳೆಯುವ ಸೂಕ್ಷ್ಮಜೀವಿಗಳ ಪದರವೂ ಅದನ್ನು ಕಪ್ಪಾಗಿಸಬಲ್ಲದು. ಹಾಗೆಂದು ಪುರಾಣವನ್ನು ಮೂಲೆಗೆ ತಳ್ಳಬೇಕೆಂದು ನನ್ನ ವಾದವಲ್ಲ. ಕಾರಣವನ್ನು ತಪ್ಪಾಗಿ ಹೇಳಿದರೂ ಅದು ಕಲ್ಲನ್ನು ಸರಿಯಾಗಿಯೇ ನೋಡಿದೆ. ಭೈರವೇಶ್ವರ ಶಿಖರದ ಸೀಳಿನೊಳಗಿನ ಗುಹೆಯಲ್ಲಿ ಉದ್ಭವಲಿಂಗವಿದೆ. ಅದರ ಮೇಲೆ ಬಂಡೆಯಿಂದ ಒಸರುವ ನೀರು ತೊಟ್ಟಿಕ್ಕುತ್ತದೆ. ಭಕ್ತರು ಅದನ್ನು ಗಂಗೆ ಎನ್ನುತ್ತಾರೆ. ಬಂಡೆಯನ್ನು ಕಡೆಯುತ್ತಿರುವ ನೀರೂ ಅದೇ. ಕಲ್ಲು ಕೆತ್ತಿದ ಕರ್ತೃವನ್ನು ಗರ್ಭಗುಡಿಯಲ್ಲೇ ಕೂರಿಸಿಕೊಂಡು ಶ್ರೇಯಸ್ಸನ್ನು ಮಾತ್ರ ಬೆಂಕಿಗೆ ಕೊಟ್ಟ ಕಥೆ ಇದು.

ಭಸ್ಮಾಸುರನ ಕಥೆ ದೇಶದ ಹಲವು ಕಡೆ ಹಲವು ಗುಹೆಗಳಿಗೆ ಅಂಟಿಕೊಂಡಿದೆ, ಅದರಲ್ಲಿ ಯಾಣದ್ದೆಂಬ ನೋಟ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಬಹುದು. ಕಥೆ ಹೊರಗಿನಿಂದ ಬಂದಿರಬಹುದು, ಒಪ್ಪೋಣ. ಆದರೆ ಬಂದಮೇಲೆ ಅದು ಇಲ್ಲಿನ ನೆಲಕ್ಕೆ ತಕ್ಕಂತೆ ಮೈ ಬದಲಿಸಿದೆ. ಎತ್ತರದ ಬಂಡೆ ಭೈರವನಾಯಿತು, ಪಕ್ಕದ ಗಿಡ್ಡ ಬಂಡೆ ಮೋಹಿನಿಯಾಯಿತು, ಸುತ್ತಲಿನ ಕಪ್ಪು ಮಣ್ಣು ಅಸುರನ ಬೂದಿಯಾಯಿತು. ನೆಲವನ್ನು ನೋಡದವರಿಗೆ ಇಷ್ಟು ವಿವರ ಹೊಳೆಯುವುದಿಲ್ಲ. ಭಕ್ತಿಯಿಂದ ಬರುವವರಿಗೆ ರಸಾಯನಶಾಸ್ತ್ರ ಏಕೆ ಎಂಬ ಇನ್ನೊಂದು ಆಕ್ಷೇಪವೂ ಇದೆ. ಅವರಿಗೆ ಬೇಡದಿರಬಹುದು, ಬಂಡೆಗೆ ಬೇಕು. ಉರಿಯಲ್ಲಿ ಬೆಂದು ಗಟ್ಟಿಯಾದ ಕಲ್ಲು ಎಂದುಕೊಂಡವರು ಅದರ ಮೇಲೆ ಹೆಸರು ಗೀಚಲು ಹಿಂಜರಿಯುವುದಿಲ್ಲ. ಸುಣ್ಣಕಲ್ಲಿಗೆ ಒಂದು ಮೊಳೆ ಸಾಕು. ನೀರಿಗೂ ಇದೇ ಮಾತು. ಇಲ್ಲಿನ ಚಂಡಿಕಾ ಹೊಳೆ ಅಘನಾಶಿನಿಯನ್ನು ಸೇರುತ್ತದೆ, ಆ ನದಿಯ ಅಳಿವೆಯಲ್ಲಿ ಬೆಳಚು ಎಂಬ ಚಿಪ್ಪುಜೀವಿಗಳನ್ನು ಆಯ್ದು ಬದುಕುವವರಿದ್ದಾರೆ. ಸುಣ್ಣಕಲ್ಲಿನ ಬಿರುಕಿಗೆ ಬಿದ್ದ ಕೊಳೆ ಮಣ್ಣಿನಲ್ಲಿ ಸೋಸಿಹೋಗುವ ಅವಕಾಶ ಕಡಿಮೆ. ನೇರ ನೀರಿಗೆ ಇಳಿಯುತ್ತದೆ.

ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಎಂಬ ಗಾದೆ ಹುಟ್ಟಿದ್ದು ದಟ್ಟ ಕಾಡಿನ ಏರುದಾರಿ ನಡೆದೇ ಬರಬೇಕಿದ್ದ ಕಾಲದಲ್ಲಿ. ಆಗ ದಾರಿಯ ಕಷ್ಟವೇ ಕಾವಲಾಗಿತ್ತು. ಶಿವರಾತ್ರಿಯ ಜಾತ್ರೆ ಬಿಟ್ಟರೆ ಜನಸಂದಣಿ ಕಡಿಮೆ. 1990ರ ದಶಕದಲ್ಲಿ ‘ನಮ್ಮೂರ ಮಂದಾರ ಹೂವೆ’ ಚಿತ್ರ ಈ ಬಂಡೆಗಳನ್ನು ನಾಡಿಗೆಲ್ಲ ತೋರಿಸಿತು, ರಸ್ತೆಯೂ ಬಂತು. ಈಗ ಗಾಡಿ ನಿಲ್ಲಿಸಿ, ತುಸು ನಡೆದು, ಮೆಟ್ಟಿಲು ಹತ್ತಿದರೆ ಯಾಣ, ಸೊಕ್ಕಿನ ಅಗತ್ಯವಿಲ್ಲ. ರಸ್ತೆಯನ್ನು ದೂರುವುದು ಸುಲಭ, ಆದರೆ ವಯಸ್ಸಾದವರೂ ಲಿಂಗದ ದರ್ಶನ ಮಾಡುವಂತಾದದ್ದು ಅದರಿಂದಲೇ. ದಾರಿ ಕಾಯುತ್ತಿದ್ದುದನ್ನು ಈಗ ತಿಳಿವಳಿಕೆ ಕಾಯಬೇಕು. ಅದಕ್ಕೆ ವಸ್ತುಸಂಗ್ರಹಾಲಯ ಬೇಡ, ಮೆಟ್ಟಿಲ ಬುಡದಲ್ಲಿ ಒಂದು ಫಲಕ ಸಾಕು: ಮೇಲರ್ಧದಲ್ಲಿ ಭಸ್ಮಾಸುರ, ಕೆಳಗರ್ಧದಲ್ಲಿ ಮಳೆನೀರು, ಎರಡಕ್ಕೂ ಒಂದೇ ಅಳತೆಯ ಅಕ್ಷರ.