ಹರಕೆ, ಸಂಕೋಲೆ ಮತ್ತು ಕಾಯಿದೆ: ಕೊಳ್ಳೇಗಾಲ ಸೀಮೆಯಲ್ಲಿ ಮನೋರೋಗಿಯ ಹಕ್ಕುಗಳು

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ಪ್ರದೇಶವನ್ನು ಜಾನಪದ ವಿದ್ವಾಂಸರು ಮಲೆಯ ಮಾದೇಶ್ವರ ಮತ್ತು ಮಂಟೇಸ್ವಾಮಿ ಕಾವ್ಯಗಳ ನೆಲೆಯಾಗಿ ಗುರುತಿಸುತ್ತ ಬಂದಿದ್ದಾರೆ. ಕಂಸಾಳೆಯವರ ಹಾಗೂ ನೀಲಗಾರರ ಹಾಡಿಕೆಯನ್ನು ಕುರಿತು ಸಾಕಷ್ಟು ಸಂಗ್ರಹ ಮತ್ತು ವಿಶ್ಲೇಷಣೆ ನಡೆದಿದೆ. ಆದರೆ ಈ ಕ್ಷೇತ್ರಗಳಿಗೆ ಬರುವ ಒಕ್ಕಲಿನಲ್ಲಿ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡವರೂ ಇರುತ್ತಾರೆಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅಂಥವರಿಗೆ ಇಂದಿನ ಕಾನೂನು ಯಾವ ಹಕ್ಕುಗಳನ್ನು ನೀಡಿದೆ, ಆ ಹಕ್ಕುಗಳು ಜನಪದರ ಚಿಕಿತ್ಸಾ ಪರಿಕಲ್ಪನೆಯೊಡನೆ ಎಲ್ಲಿ ಸಂಧಿಸುತ್ತವೆ, ಎಲ್ಲಿ ಮುಖಾಮುಖಿಯಾಗುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸೀಮೆಯ ಕಾನೂನಿನ ಚರಿತ್ರೆಯೇ ವಿಲಕ್ಷಣವಾದುದು. 1956ರ ಏಕೀಕರಣದವರೆಗೆ ಕೊಳ್ಳೇಗಾಲವು ಮದರಾಸಿನ ಆಡಳಿತಕ್ಕೆ ಸೇರಿದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ, ಮೈಸೂರು ಸಂಸ್ಥಾನದ ಭಾಗ. ಬ್ರಿಟಿಷರ 1912ರ ಕಾಯಿದೆ ರೋಗಿಯನ್ನು 'ಹುಚ್ಚ'ನೆಂದೇ ಕರೆಯಿತು; ಅದರ ಮುಖ್ಯ ಕಾಳಜಿ ಬಂಧನದ ಕ್ರಮವೇ ಹೊರತು ಬಂಧಿತನ ಇಚ್ಛೆಯಲ್ಲ. ಅದನ್ನು ಬದಲಿಸಿದ 1987ರ ಕಾಯಿದೆಯೂ ಆಸ್ಪತ್ರೆಯ ಗೋಡೆಗಳಾಚೆ ಹೆಚ್ಚು ನೋಡಲಿಲ್ಲ.

ಜನಪದರಲ್ಲಿ ಈ ಸಂಕಟಕ್ಕೆ ಇರುವ ಹೆಸರುಗಳು ಬೇರೆ: ಗಾಳಿ ಸೋಕಿದೆ, ದೇವರ ಮುನಿಸು, ಯಾರೋ ಮಾಡಿಸಿದ್ದಾರೆ. ಪರಿಹಾರವೂ ಅದಕ್ಕೆ ತಕ್ಕಂತೆ ಹರಕೆ, ಮುಡುಪು, ತಾಯತ, ಗುಡಿಯ ಅಂಗಳದಲ್ಲಿ ಕೆಲವು ದಿನಗಳ ವಾಸ. ಇವನ್ನೆಲ್ಲ ಮೌಢ್ಯವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ, ಆದರೆ ಅವಸರದ ತೀರ್ಮಾನ. ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ದೇವಾಲಯದಲ್ಲಿ ತಂಗಿದ್ದ 31 ಮಂದಿಯನ್ನು ಅಧ್ಯಯನ ಮಾಡಿ, ಅವರ ರೋಗಲಕ್ಷಣಗಳು ಸರಾಸರಿ ಶೇ. 20ರಷ್ಟು ತಗ್ಗಿದ್ದನ್ನು 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಅಲ್ಲಿ ವಿಶೇಷ ವಿಧಿಗಳೇನೂ ಇರಲಿಲ್ಲ. ಆಸರೆ ನೀಡುವ, ಹೆದರಿಸದ ವಾತಾವರಣವೇ ಗುಣಕ್ಕೆ ಕಾರಣವಿರಬಹುದೆಂದು ಅವರು ಸೂಚಿಸಿದರು.

ಇದೇ ಕಾಲದ ಮತ್ತೊಂದು ಘಟನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ, ದರ್ಗಾದ ಆಸುಪಾಸಿನ ಖಾಸಗಿ ಆಶ್ರಯಧಾಮವೊಂದಕ್ಕೆ ಬೆಂಕಿ ಬಿದ್ದು 28 ಮಂದಿ ಸತ್ತರು. ಸರಪಳಿಯಲ್ಲಿ ಕಟ್ಟಿಹಾಕಿದ್ದರಿಂದ ಅವರು ಓಡಿಹೋಗಲಾಗಲಿಲ್ಲ. ಸರ್ವೋಚ್ಚ ನ್ಯಾಯಾಲಯ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ನಂಬಿಕೆಯ ನೆಲೆಯೊಂದು ಆಸರೆಯಾಗುವುದೋ ಸೆರೆಯಾಗುವುದೋ ಎಂಬುದನ್ನು ನಿರ್ಧರಿಸುವುದು ಅಲ್ಲಿನ ದೈವವಲ್ಲ, ಸಂಕೋಲೆ.

2017ರಲ್ಲಿ ಅಂಗೀಕಾರವಾಗಿ 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಈ ಅಂಶವನ್ನು ನೇರವಾಗಿ ಮುಟ್ಟುತ್ತದೆ. ಅದರ 95ನೆಯ ಕಲಮು ಯಾವುದೇ ವಿಧದಲ್ಲಿ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಮನೆಯನ್ನು ಕಾಯಿದೆ 'ಮಾನಸಿಕ ಆರೋಗ್ಯ ಸಂಸ್ಥೆ' ಎಂದು ಎಣಿಸುವುದಿಲ್ಲವಾದರೂ, ಹಿತ್ತಲಕೋಣೆಯಲ್ಲಿ ಕೂಡಿಹಾಕಿದವರು ಕಾನೂನಿನ ಹೊರಗುಳಿದರೆಂದು ತಿಳಿಯಬಾರದು. ಮನೋರೋಗಿಯನ್ನು ಹಿಂಸಿಸಲಾಗುತ್ತಿದೆ ಅಥವಾ ಅಲಕ್ಷಿಸಲಾಗಿದೆಯೆಂದು ತಿಳಿದುಬಂದರೆ ಠಾಣಾಧಿಕಾರಿ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಲೇಬೇಕು. ಅಂಥ ಸಂಗತಿಯನ್ನು ಬಲ್ಲ ಯಾರೇ ಆದರೂ ಠಾಣೆಗೆ ತಿಳಿಸಬೇಕೆಂದು 101ನೆಯ ಕಲಮು ಹೇಳುತ್ತದೆ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿ ಹೊಡೆಯುವುದನ್ನು ಕರ್ನಾಟಕದ ವಾಮಾಚಾರ ತಡೆ ಕಾಯಿದೆಯೂ 2020ರಿಂದ ಅಪರಾಧವಾಗಿಸಿದೆ. ಅದೇ ಕಾಯಿದೆ ಪ್ರದಕ್ಷಿಣೆ, ಯಾತ್ರೆ, ಹರಿಕಥೆಗಳನ್ನು ಮುಟ್ಟುವುದಿಲ್ಲ. ಮಾದಪ್ಪನ ಹರಕೆಗೂ ಚಿಕ್ಕಲ್ಲೂರು ಜಾತ್ರೆಗೂ ಹೋಗುವ ಸ್ವಾತಂತ್ರ್ಯ ಎಂದಿನಂತೆ ಇದೆ.

ಹೆಚ್ಚು ಸೂಕ್ಷ್ಮವಾದ ಪ್ರಶ್ನೆ ಒಪ್ಪಿಗೆಯದು. ಗುಡಿಯಲ್ಲಿ ದೇವರ ಅಪ್ಪಣೆ ಕೇಳುವವರು ಸಾಮಾನ್ಯವಾಗಿ ತಾಯಿ, ಗಂಡ ಅಥವಾ ಅಣ್ಣ. ರೋಗಿ ಪಕ್ಕದಲ್ಲಿ ಕುಳಿತಿರುತ್ತಾನೆ. ಆಸ್ಪತ್ರೆಯಲ್ಲಿಯೂ ಬಹುಕಾಲ ಇದೇ ನಡೆಯಿತು. ಹೊಸ ಕಾಯಿದೆಯ ಪ್ರಕಾರ ಮನೋರೋಗವಿದ್ದ ಮಾತ್ರಕ್ಕೆ ವ್ಯಕ್ತಿ ನಿರ್ಧರಿಸಲು ಅಸಮರ್ಥನಲ್ಲ. ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಪ್ರಾಪ್ತ ವಯಸ್ಕರು ಮುಂಚಿತವಾಗಿ ಬರೆದಿಡಬಹುದು. ತಮ್ಮ ಪ್ರತಿನಿಧಿಯನ್ನು ತಾವೇ ಹೆಸರಿಸಬಹುದು. ಅಂದರೆ ಗಂಡನ ಬದಲು ಗೆಳತಿಯನ್ನು ಹೆಸರಿಸಲು ಹೆಣ್ಣಿಗೆ ಅವಕಾಶವಿದೆ. ಜನಪದ ವಿಧಿಯಲ್ಲಿ ಮನೆಯ ಸೊಸೆ ತನ್ನ ದೂರನ್ನು ಹೇಳಬಲ್ಲದ್ದು ಮೈಮೇಲೆ ಬಂದಾಗ, ಬೇರೊಬ್ಬರ ದನಿಯಲ್ಲಿ ಮಾತ್ರ. ಕಾಯಿದೆ ಅವಳ ಸ್ವಂತ ದನಿಯನ್ನೇ ಕೇಳಬಯಸುತ್ತದೆ. ಈ ಅಂತರ ನನ್ನ ದೃಷ್ಟಿಯಲ್ಲಿ ಇಡೀ ಚರ್ಚೆಯ ತಿರುಳು.

ಹಕ್ಕು ಕಾಗದದಲ್ಲಿದ್ದರೂ ಮಲೆ ಮಹದೇಶ್ವರ ಬೆಟ್ಟದಿಂದ ಕೊಳ್ಳೇಗಾಲಕ್ಕೇ ಸುಮಾರು 80 ಕಿ.ಮೀ. ದೂರ; ಕಾಡಿನೊಳಗಿನ ಸೋಲಿಗರ ಪೋಡುಗಳಿಂದ ಇನ್ನೂ ಕಠಿಣ. ಸರ್ಕಾರದ ಖರ್ಚಿನ ಸೇವೆ ಹತ್ತಿರದಲ್ಲೇ ದೊರೆಯಬೇಕೆಂಬ 18ನೆಯ ಕಲಮು ಇಂಥ ಊರುಗಳಿಗೇ ಹೆಚ್ಚು ಅನ್ವಯಿಸುತ್ತದೆ. ಉಚಿತ ಕಾನೂನು ನೆರವನ್ನು 27ನೆಯ ಕಲಮು ಹಕ್ಕಾಗಿಸಿದೆ; ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು.

ಸಂಶೋಧಕರಿಗೆ ಸಂಬಂಧಿಸಿದ ಒಂದು ಮಾತು. ಸಂಸ್ಥೆಗಳಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಚಿತ್ರವನ್ನಾಗಲಿ ವಿವರವನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ನೀಡುವಂತಿಲ್ಲವೆಂದು 24ನೆಯ ಕಲಮು ವಿಧಿಸಿದೆ. ಗುಡಿಯ ಅಂಗಳಕ್ಕೆ ಇದು ಅಕ್ಷರಶಃ ಅನ್ವಯಿಸದಿರಬಹುದು. ಆದರೂ ತಲೆಗೂದಲು ಕೆದರಿ ಕುಣಿಯುವ ಹೆಂಗಸರ ಛಾಯಾಚಿತ್ರಗಳನ್ನು ಊರು, ಹೆಸರು ಸಹಿತ ಅಚ್ಚು ಹಾಕುವ ಪರಿಪಾಠ ನಮ್ಮ ಶಾಸ್ತ್ರದಲ್ಲಿ ಬೆಳೆದುಬಂದಿದೆ. ಅವರಲ್ಲಿ ಎಷ್ಟು ಮಂದಿಯ ಅನುಮತಿಯನ್ನು ಕೇಳಲಾಗಿತ್ತು ಎಂಬುದನ್ನು ಸಂಗ್ರಹಾಲಯಗಳ ಕ್ಷೇತ್ರಕಾರ್ಯದ ಟಿಪ್ಪಣಿಗಳಿಂದಲೇ ಪರಿಶೀಲಿಸಬೇಕಾಗಿದೆ.