ಡಬ್ಬದ ಮೇಲೆ ಬರೆಯದ ಲೆಕ್ಕ

ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ರೌಟರ್ ಮಾಡಿಕೊಳ್ಳುವವರು ನೆಟ್‌ವರ್ಕ್ ಕಾರ್ಡ್ ಕೊಳ್ಳುವಾಗ ಮೊದಲು ನೋಡುವುದು ಡಬ್ಬದ ಮೇಲಿನ ‘1 ಗಿಗಾಬಿಟ್’ ಎಂಬ ಬರಹವನ್ನು. ಅದೊಂದೇ ಸಾಲದು. ಆ ವೇಗದ ತಂತಿಯಲ್ಲಿ 1500 ಬೈಟಿನ ದೊಡ್ಡ ಪ್ಯಾಕೆಟ್‌ಗಳೇ ಬಂದರೆ ಸೆಕೆಂಡಿಗೆ ಸುಮಾರು 81 ಸಾವಿರ. 64 ಬೈಟಿನ ಪುಟಾಣಿಗಳೇ ನುಗ್ಗಿದರೆ 14.88 ಲಕ್ಷ. ಯಾವ ದಾರಿಗೆ ಕಳಿಸಬೇಕೆಂದು ಹುಡುಕುವ ಕೆಲಸವಂತೂ ಚಿಕ್ಕದಕ್ಕೂ ಅಷ್ಟೇ, ದೊಡ್ಡದಕ್ಕೂ ಅಷ್ಟೇ. ಆದ್ದರಿಂದ ಪ್ರತಿ ಪ್ಯಾಕೆಟ್ಟಿಗೂ ಕಾರ್ಡು ಪ್ರೊಸೆಸರಿಗೆ ಎಷ್ಟು ಕಾಟ ಕೊಡುತ್ತದೆ ಎಂಬುದನ್ನು ನೋಡಬೇಕು.

ಕಾಟಕ್ಕೆ ಮಾದರಿ ಬೇಕಿದ್ದರೆ ಒಂದು ಕಾಲಕ್ಕೆ ಅಗ್ಗದ ಕಾರ್ಡುಗಳಲ್ಲೆಲ್ಲ ಇದ್ದ ರಿಯಲ್‌ಟೆಕ್ 8139 ಚಿಪ್ ಇದೆ. ಬಂದ ಪ್ಯಾಕೆಟ್‌ಗಳನ್ನೆಲ್ಲ ಅದು ಒಂದೇ ಬಫರಿಗೆ ಸಾಲಾಗಿ ಸುರಿಯುತ್ತಿತ್ತು; ಅಲ್ಲಿಂದ ಒಂದೊಂದನ್ನೂ ಪ್ರೊಸೆಸರೇ ನಕಲು ಮಾಡಿಕೊಳ್ಳಬೇಕಿತ್ತು. ಕಳಿಸುವ ಕಡೆ ಇದ್ದದ್ದು ನಾಲ್ಕೇ ಜಾಗ. ಫ್ರೀಬಿಎಸ್‌ಡಿಗೆ ಇದರ ಡ್ರೈವರ್ ಬರೆದ ಬಿಲ್ ಪಾಲ್, ಅಗ್ಗದ ಮಾಲು ಎಂಬುದಕ್ಕೇ ಇದು ಹೊಸ ಅರ್ಥ ಕೊಟ್ಟಿದೆ ಎಂದು ಕೋಡಿನೊಳಗೇ ಗೊಣಗಿದ್ದಾರೆ.

ಇದಕ್ಕೆ ವಿರುದ್ಧವಾಗಿ ಇಂಟೆಲ್ ಐ210 ಚಿಪ್, ಪ್ಯಾಕೆಟನ್ನು ಕರ್ನೆಲ್ ತೋರಿಸಿದ ಜಾಗದಲ್ಲೇ ನೇರವಾಗಿ ಇಡುತ್ತದೆ, ಇಂಟರಪ್ಟ್‌ಗಳನ್ನು ಗುಂಪಾಗಿಸುತ್ತದೆ. ಐಪಿ ವಿಳಾಸ, ಪೋರ್ಟ್ ನೋಡಿ ಪ್ಯಾಕೆಟ್‌ಗಳನ್ನು ನಾಲ್ಕು ಕ್ಯೂಗಳಿಗೆ ಹಂಚುತ್ತದೆ. ಒಂದೊಂದು ಕ್ಯೂವನ್ನು ಒಂದೊಂದು ಕೋರ್ ನೋಡಿಕೊಳ್ಳಬಹುದು. ಐ350ರಲ್ಲಿ ಪೋರ್ಟಿಗೆ ಎಂಟು ಕ್ಯೂ. ಹಳೆ ಪಿಸಿಐ ಸ್ಲಾಟಿಗೆ ಗಿಗಾಬಿಟ್ ಕಾರ್ಡು ಸಿಕ್ಕಿಸುವುದಂತೂ ಬೇಡವೇ ಬೇಡ: ಆ ಬಸ್ಸಿನ ಒಟ್ಟು ತಾಕತ್ತು ಸೆಕೆಂಡಿಗೆ 133 ಮೆಗಾಬೈಟ್, ರೌಟರಿನಲ್ಲಿ ಅದೇ ಪ್ಯಾಕೆಟ್ ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ ಅದನ್ನು ದಾಟಬೇಕು.

ಹಾಗಾದರೆ ಹೆಚ್ಚು ಕ್ಯೂ ಇದ್ದಷ್ಟೂ ಒಳ್ಳೆಯದೇ? ನಮ್ಮಲ್ಲಿ ಬಿಎಸ್‌ಎನ್‌ಎಲ್ ಫೈಬರ್ ಸೇರಿದಂತೆ ಹಲವು ಸಂಪರ್ಕಗಳು ಪಿಪಿಪಿಒಇ ಮೂಲಕ ಬರುತ್ತವೆ. ಐಪಿ ಪ್ಯಾಕೆಟ್ಟಿನ ಮೇಲೆ ಇನ್ನೊಂದು ಹೊದಿಕೆ. ಈ ಕಾರ್ಡುಗಳ ಹಂಚುವ ಯಂತ್ರಕ್ಕೆ ಹೊದಿಕೆಯೊಳಗಿನ ವಿಳಾಸ ಕಾಣುವುದಿಲ್ಲ. ಡೌನ್‌ಲೋಡ್ ಪೂರ್ತಿ ಸೊನ್ನೆಯ ಕ್ಯೂಗೇ ಬೀಳುತ್ತದೆ: ಒಂದು ಕೋರ್ ಬೆವರುತ್ತಿರುತ್ತದೆ, ಉಳಿದವು ಆಕಳಿಸುತ್ತಿರುತ್ತವೆ. ಅಂಥ ಮನೆಗೆ ಎಂಟು ಕ್ಯೂಗಳ ಕಾರ್ಡಿಗೆ ಹಣ ಸುರಿಯುವುದು ದಂಡ. ವೇಗದ ಒಂದು ಕೋರ್ ಇರುವ ಪ್ರೊಸೆಸರ್ ಮೇಲು. ಇಲ್ಲವೇ 2010ರಲ್ಲಿ ಲಿನಕ್ಸ್ 2.6.35ರ ಜೊತೆ ಬಂದ ಆರ್‌ಪಿಎಸ್ ಇದೆ. ಅದು ಹಂಚುವ ಕೆಲಸವನ್ನು ಸಾಫ್ಟ್‌ವೇರಿನಲ್ಲೇ ಮಾಡುತ್ತದೆ, ಈಗಿನ ಕರ್ನೆಲ್‌ಗಳಲ್ಲಿ ಹೊದಿಕೆಯೊಳಗೂ ಇಣುಕುತ್ತದೆ. ಆದರೆ ಅದು ತಾನಾಗಿ ಚಾಲೂ ಆಗಿರುವುದಿಲ್ಲ. ಯಾವ ಯಾವ ಕೋರ್‌ಗಳಿಗೆ ಹಂಚಬೇಕೆಂದು ನಾವೇ ಬರೆದು ಕೊಡಬೇಕು.